ಅರಣ್ಯ ಪ್ರಮಾಣಪತ್ರವೂ ನೆಲದ ಹಕ್ಕೂ: ಸಂಪಾದಕರ ಉತ್ತರ

ಮಾನ್ಯರೇ,

ಮನೆಯ ಕಿಟಕಿಗಳಿಗಾಗಿ ಕೆನಡಾದ ಹೆಮ್‌ಲಾಕ್ ಮರ ನೋಡಲು ಹೋದಾಗ ಅದರ ಮೇಲೆ ಸುಸ್ಥಿರ ಅರಣ್ಯ ನಿರ್ವಹಣೆಯ ಮುದ್ರೆ ಕಂಡು ನೀವು ಎರಡು ಮಾತು ಬರೆದಿದ್ದೀರಿ. ಮುದ್ರೆ ಬಿದ್ದ ಮರ ತಕರಾರಿಲ್ಲದ ಕಾಡಿನಿಂದಲೇ ಬಂದಿರಬೇಕು ಎಂಬುದು ಒಂದು. ನಮ್ಮ ಸರ್ಕಾರಿ ಅರಣ್ಯಗಳಿಗೂ ಇಂಥ ಪ್ರಮಾಣಪತ್ರ ಸಿಕ್ಕರೆ ಒತ್ತುವರಿ ಮತ್ತು ಹಕ್ಕಿನ ಅರ್ಜಿಗಳ ಗೊಂದಲ ತಾನಾಗಿಯೇ ಬಗೆಹರಿದೀತು ಎಂಬುದು ಇನ್ನೊಂದು. ಈ ಎರಡನ್ನೂ ನಾನು ಒಪ್ಪಲಾರೆ.

ಪ್ರಮಾಣಪತ್ರ ಹೇಳುವುದು ಸೀಮಿತವಾದ ಸಂಗತಿಯನ್ನು. ಗೊತ್ತುಪಡಿಸಿದ ಕಾಡನ್ನು ನಿರ್ವಹಿಸುವ ಸಂಸ್ಥೆಯು ಕಡಿತಲೆ, ಮರುನಾಟಿ, ಹಳ್ಳಕೊಳ್ಳಗಳ ರಕ್ಷಣೆ, ಕೆಲಸಗಾರರ ಸುರಕ್ಷತೆ ಮುಂತಾದವುಗಳಲ್ಲಿ ಒಂದು ಮಾನದಂಡವನ್ನು ಪಾಲಿಸಿದೆ ಎಂದು ಹೊರಗಿನ ಪರಿಶೋಧಕರು ಪರೀಕ್ಷಿಸಿ ಕೊಡುವ ಹೇಳಿಕೆ ಅದು. ಮಾನದಂಡ ರೂಪಿಸಿದವರಿಗೆ ನೆಲದ ಪ್ರಶ್ನೆ ಹೊಳೆದಿರಲಿಲ್ಲವೆಂದಲ್ಲ. ಇಂಥ ಮಾನದಂಡ ರೂಪಿಸುವ ಅಂತರರಾಷ್ಟ್ರೀಯ ಸಂಸ್ಥೆಗಳಲ್ಲೊಂದಾದ, 1993ರಲ್ಲಿ ಸ್ಥಾಪನೆಯಾದ ಎಫ್‌ಎಸ್‌ಸಿಯ (ಫಾರೆಸ್ಟ್ ಸ್ಟೂವರ್ಡ್‌ಶಿಪ್ ಕೌನ್ಸಿಲ್) ಮೂಲ ತತ್ತ್ವಗಳಲ್ಲಿ ಎರಡನೆಯದೇ ಹಿಡುವಳಿ ಮತ್ತು ಬಳಕೆಯ ಹಕ್ಕುಗಳನ್ನು ಕುರಿತದ್ದು. ಬಹಳ ಜನರ ಹಿತ ಅಡಗಿರುವ ದೊಡ್ಡ ವಿವಾದವಿದ್ದರೆ ಸಾಮಾನ್ಯವಾಗಿ ಪ್ರಮಾಣಪತ್ರ ಸಲ್ಲದು ಎಂದೂ ಅದರಲ್ಲಿ ಬರೆದಿತ್ತು. ಆದರೆ ಪರಿಶೋಧಕರು ನ್ಯಾಯಾಧೀಶರಲ್ಲ. ಖಾಸಗಿ ತೋಪಿನಲ್ಲಾದರೆ ಅವರು ಕ್ರಯಪತ್ರ ನೋಡುತ್ತಾರೆ. ಸರ್ಕಾರಿ ಕಾಡಿನಲ್ಲಿ ನೋಡುವುದು ಪರವಾನಗಿಯನ್ನು, ಮತ್ತು ಆ ಪರವಾನಗಿ ಕೊಟ್ಟ ಸರ್ಕಾರವೇ ಅನೇಕ ಸಲ ವಿವಾದದ ಒಂದು ಪಕ್ಷವಾಗಿರುತ್ತದೆ.

ನಿಮ್ಮ ಹೆಮ್‌ಲಾಕ್ ಹೆಚ್ಚಾಗಿ ಬೆಳೆಯುವ ಬ್ರಿಟಿಷ್ ಕೊಲಂಬಿಯಾ ಪ್ರಾಂತವನ್ನೇ ನೋಡೋಣ. ಅಲ್ಲಿಯ ಅರಣ್ಯದಲ್ಲಿ ನೂರಕ್ಕೆ 90ಕ್ಕೂ ಹೆಚ್ಚು ಪಾಲು ಸಾರ್ವಜನಿಕ ಸ್ವತ್ತು. ಕಂಪನಿಗಳಿಗೆ ನೆಲ ಸಿಗುವುದಿಲ್ಲ, 25 ವರ್ಷದವರೆಗಿನ ಅವಧಿಯ, ಅವಧಿ ತೀರುವ ಮೊದಲೇ ಹೊಸದಾಗಿ ಬದಲಿಸಿಕೊಳ್ಳಬಹುದಾದ ಪರವಾನಗಿ ಸಿಗುತ್ತದೆ. ವರ್ಷಕ್ಕೆ ಎಷ್ಟು ಮರ ಕಡಿಯಬಹುದೆಂದು ಪ್ರಾಂತದ ಮುಖ್ಯ ಅರಣ್ಯಾಧಿಕಾರಿ ನಿಗದಿಪಡಿಸುತ್ತಾರೆ. ಕಡಿದ ಮರಕ್ಕೆ ಕಂಪನಿ ಸರ್ಕಾರಕ್ಕೆ ಹಣ ಕಟ್ಟುತ್ತದೆ. ಸೊಪ್ಪಿನ ಬೆಟ್ಟದ ಸೌಲಭ್ಯ ಇರುವ ನಮ್ಮ ಮಲೆನಾಡಿನ ಅಡಿಕೆ ಬೆಳೆಗಾರರಿಗೆ ಈ ಏರ್ಪಾಡು ಅಪರಿಚಿತವೇನಲ್ಲ: ಸೊಪ್ಪು ತರಬಹುದು, ನೆಲ ಸರ್ಕಾರದ್ದು. ವ್ಯತ್ಯಾಸವೆಂದರೆ ಬ್ರಿಟಿಷ್ ಕೊಲಂಬಿಯಾದ ಬಹುಪಾಲು ನೆಲದ ವಿಷಯದಲ್ಲಿ ಸರ್ಕಾರ ಅಲ್ಲಿಯ ಮೂಲನಿವಾಸಿಗಳೊಂದಿಗೆ ಒಪ್ಪಂದವನ್ನೇ ಮಾಡಿಕೊಂಡಿರಲಿಲ್ಲ.

ಇದರ ಫಲ ಅದೇ ಪ್ರಾಂತದ ಕರಾವಳಿಯಾಚೆಗಿನ, ಹೈಡಾ ಎಂಬ ಮೂಲನಿವಾಸಿ ಜನರ ನೆಲೆಯಾದ ಹೈಡಾ ಗ್ವಾಯ್ ದ್ವೀಪಗಳಲ್ಲಿ ಸ್ಪಷ್ಟವಾಗಿ ಕಂಡಿತು. ಅಲ್ಲಿಯ ಒಂದು ಭಾಗದ ಮರ ಕಡಿಯುವ 39ನೆಯ ಸಂಖ್ಯೆಯ ಪರವಾನಗಿಯನ್ನು 1961ರಲ್ಲಿ ಒಂದು ಕಂಪನಿಗೆ ಕೊಡಲಾಗಿತ್ತು. 1999ರಲ್ಲಿ ಅದನ್ನು ವೆಯರ್‌ಹೌಸರ್ ಕಂಪನಿಗೆ ವರ್ಗಾಯಿಸಲು ಸಚಿವರು ಒಪ್ಪಿಗೆ ಕೊಟ್ಟರು. ದೋಣಿಗೂ ಮನೆಗೂ ಕೆತ್ತನೆಯ ಕಂಬಗಳಿಗೂ ಹಳೆಯ ಕೆಂಪು ಸೀಡರ್ ಮರಗಳನ್ನೇ ನಂಬಿದ್ದ ಹೈಡಾ ಜನ ತಮ್ಮ ಒಪ್ಪಿಗೆಯಿಲ್ಲದೆ ನಡೆದ ಈ ವ್ಯವಹಾರವನ್ನು ಪ್ರಶ್ನಿಸಿ ನ್ಯಾಯಾಲಯಕ್ಕೆ ಹೋದರು. 2004ರ ನವೆಂಬರ್‌ನಲ್ಲಿ ಕೆನಡಾದ ಸುಪ್ರೀಂ ಕೋರ್ಟ್, ಹಕ್ಕು ರುಜುವಾತಾಗುವ ಮೊದಲೇ ಆ ಜನರೊಂದಿಗೆ ಸಮಾಲೋಚಿಸುವ ಕರ್ತವ್ಯ ಸರ್ಕಾರಕ್ಕಿದೆ, ಕಂಪನಿಗೆ ಆ ಕರ್ತವ್ಯವಿಲ್ಲ ಎಂದು ತೀರ್ಪಿತ್ತಿತು. ನಮ್ಮ ಚರ್ಚೆಗೆ ಮುಖ್ಯವಾದದ್ದು ತೀರ್ಪಿನ ಈ ಉತ್ತರಾರ್ಧ. ಪರಿಶೋಧಕರು ಪ್ರಶ್ನೆ ಕೇಳುವುದು ಪ್ರಮಾಣಪತ್ರ ಬೇಡುವ ಕಂಪನಿಯನ್ನು. ಉತ್ತರ ಕೊಡಬೇಕಾದದ್ದು ಸರ್ಕಾರ, ಅದು ಪರಿಶೋಧನೆಯ ಮೇಜಿನ ಮುಂದೆ ಕೂರುವುದೇ ಇಲ್ಲ. ಕಂಪನಿ ಎಷ್ಟೇ ಪ್ರಾಮಾಣಿಕವಾಗಿದ್ದರೂ ತನ್ನದಲ್ಲದ ನೆಲದ ಒಡೆತನವನ್ನು ಅದು ಇತ್ಯರ್ಥ ಮಾಡಲಾರದು.

ಮುಂದೆ ದಾರಿ ತೆರೆದದ್ದು ಯಾವುದೇ ಮುದ್ರೆಯಿಂದಲ್ಲ. ಹೈಡಾ ಜನರ ಒಡೆತನದ ಸಂಸ್ಥೆಯೇ ದ್ವೀಪಗಳ ದೊಡ್ಡ ಪರವಾನಗಿಯೊಂದನ್ನು ಕೊಂಡು ಎಫ್‌ಎಸ್‌ಸಿ ಪ್ರಮಾಣಪತ್ರ ಪಡೆಯಿತು. 2024ರ ಏಪ್ರಿಲ್‌ನಲ್ಲಿ ಪ್ರಾಂತದ ಸರ್ಕಾರ ಇಡೀ ಹೈಡಾ ಗ್ವಾಯ್ ಮೇಲೆ ಮೂಲನಿವಾಸಿಗಳಾಗಿ ಅವರಿಗಿರುವ ನೆಲದ ಹಕ್ಕನ್ನು ಒಪ್ಪಂದದ ಮೂಲಕ ಮಾನ್ಯ ಮಾಡಿತು. ಅದಕ್ಕೆ ದಶಕಗಳು ಹಿಡಿದವು. ಹಾಗೆಂದು ನೀವು ಆ ಮರವನ್ನು ಕೊಳ್ಳಬಾರದೆಂದು ನಾನು ಹೇಳುತ್ತಿಲ್ಲ. ಮಾರಾಟಗಾರರಿಂದ ಪ್ರಮಾಣಪತ್ರದ ಸಂಖ್ಯೆ ಕೇಳಿ ಪಡೆದು, ಅದು ಯಾರ ಹೆಸರಿನಲ್ಲಿದೆ, ಕಾಡಿನ ನಿರ್ವಹಣೆಗೆ ಸಂಬಂಧಿಸಿದ್ದೋ ಬರೀ ಸಾಗಾಟ-ಮಾರಾಟದ ಸರಣಿಗೋ ಎಂಬುದನ್ನು ನೋಡಿ. ಎರಡಕ್ಕೂ ಬಹಳ ಅಂತರವಿದೆ.

ಇನ್ನು ನಮ್ಮ ಕಾಡುಗಳ ಮಾತು. ಕೇಂದ್ರ ಸರ್ಕಾರ 2023ರ ಡಿಸೆಂಬರ್‌ನಲ್ಲಿ ಭಾರತೀಯ ಅರಣ್ಯ ಮತ್ತು ಮರ ಪ್ರಮಾಣೀಕರಣ ಯೋಜನೆಯನ್ನು ಆರಂಭಿಸಿದೆ; ಅದು ಐಚ್ಛಿಕ, ಮತ್ತು ಅದರ ಅರಣ್ಯ ನಿರ್ವಹಣಾ ಮಾನದಂಡದಲ್ಲಿ 8 ಮುಖ್ಯ ಅಂಶಗಳೂ 69 ಸೂಚಕಗಳೂ ಇವೆ. ಕೆಟ್ಟ ಕೆಲಸವೇನಲ್ಲ, ಇಲಾಖೆಯ ಕಾರ್ಯಯೋಜನೆಗಳನ್ನು ಹೊರಗಿನವರು ಪರೀಕ್ಷಿಸಿದರೆ ಒಳ್ಳೆಯದೇ. ಆದರೆ 2006ರ ಅರಣ್ಯ ಹಕ್ಕು ಕಾಯಿದೆಯು ಸಮುದಾಯದ ಅರಣ್ಯ ಸಂಪನ್ಮೂಲವನ್ನು ಕಾಪಾಡುವ, ನಿರ್ವಹಿಸುವ ಹಕ್ಕನ್ನು ಅಲ್ಲಿಯ ಜನರಿಗೆ ಕೊಟ್ಟಿದೆ; ಗ್ರಾಮಸಭೆ ಸಿದ್ಧಪಡಿಸುವ ಯೋಜನೆಯನ್ನು ಇಲಾಖೆಯ ಯೋಜನೆಯೊಂದಿಗೆ ಹೊಂದಿಸಬೇಕೆಂದು ಅದರ ನಿಯಮಗಳು ಹೇಳುತ್ತವೆ. ಬಿಳಿಗಿರಿರಂಗನ ಬೆಟ್ಟದಲ್ಲಿ 2011ರಲ್ಲೇ ಸೋಲಿಗರ ಗ್ರಾಮಸಭೆಗಳ ಸಮುದಾಯ ಹಕ್ಕು ಮಾನ್ಯವಾಗಿದೆ. ಇಂಥ ಕಾಡಿಗೆ ಇಲಾಖೆಯೊಂದೇ ನಿರ್ವಾಹಕನೆಂದು ಅರ್ಜಿ ಹಾಕಿದರೆ ಕಾನೂನು ಅಂಗೀಕರಿಸಿದ ಇನ್ನೊಬ್ಬ ನಿರ್ವಾಹಕ ಕಾಗದದಿಂದಲೇ ಮಾಯವಾಗುತ್ತಾನೆ. ಅರ್ಜಿಗಳು ಇನ್ನೂ ವಿಚಾರಣೆಯಲ್ಲಿರುವ ಕಡೆ ಪ್ರಮಾಣಪತ್ರವು ಗೊಂದಲವನ್ನು ಬಗೆಹರಿಸುವ ಬದಲು, ಇಲಾಖೆಯ ಕಡೆಗೆ ಒಂದು ದಾಖಲೆಯಾಗಿ ಒದಗುವ ಅಪಾಯವೇ ಹೆಚ್ಚು. ಆದ್ದರಿಂದ ಹಕ್ಕಿನ ಅರ್ಜಿಗಳು ಮೊದಲು ಇತ್ಯರ್ಥವಾಗಲಿ, ಹಕ್ಕು ಸಿಕ್ಕ ಕಡೆ ಗ್ರಾಮಸಭೆಯ ಹೆಸರೂ ಪ್ರಮಾಣಪತ್ರದಲ್ಲಿ ಇರಲಿ ಎಂಬುದು ನನ್ನ ಅಭಿಪ್ರಾಯ.

— ಸಂಪಾದಕ