ರಕ್ತ ಕೊಟ್ಟರೆ ಅಮ್ಮನಿಗೇನು ಲಾಭ?

ಪ್ರಶ್ನೆ: ನನ್ನ ಅಮ್ಮನಿಗೆ ಅರುವತ್ತೆರಡು ವರ್ಷ. ಬಹುಕಾಲದಿಂದ ರುಮಟಾಯ್ಡ್ ಸಂಧಿವಾತ. ವಾರಕ್ಕೊಮ್ಮೆ ಮೀಥೊಟ್ರೆಕ್ಸೇಟ್ ಮಾತ್ರೆ ನುಂಗುತ್ತಾರೆ. ಕಳೆದ ಸಲ ಆಸ್ಪತ್ರೆಗೆ ಹೋದಾಗ ಸಂಶೋಧನೆಗೆಂದು ರಕ್ತದ ಮಾದರಿ ಕೂಡಿಡುವ ಬಯೋಬ್ಯಾಂಕಿಗೆ ಸ್ವಲ್ಪ ರಕ್ತ ಕೊಡುತ್ತೀರಾ ಎಂದು ಕೇಳಿ, ಒಪ್ಪಿಗೆ ಪತ್ರವೊಂದನ್ನು ಮುಂದಿಟ್ಟರು. ಅದು ಇಂಗ್ಲಿಷ್ ಮತ್ತು ಮಲಯಾಳದಲ್ಲಿತ್ತು. ಅಮ್ಮನಿಗೆ ಓದಲು ಬರುವುದು ಕನ್ನಡ ಮಾತ್ರ. ಸಹಿ ಹಾಕದೆ ಬಂದೆವು. ‘ಗೇರುತೋಟಕ್ಕೆ ಸಿಂಪಡಿಸುತ್ತಿದ್ದ ಕೀಟನಾಶಕ ಎಂಡೋಸಲ್ಫಾನಿನ ಗಲಾಟೆಯ ಕಾಲದಲ್ಲಿ ಎಷ್ಟು ಜನ ಬಂದು ರಕ್ತ ತೆಗೆದುಕೊಂಡು ಹೋಗಲಿಲ್ಲ? ಏನಾಯಿತು?’ ಎನ್ನುತ್ತಾರೆ ಮಾವ. ಕೊಡಬಹುದೇ ಡಾಕ್ಟರರೇ? ಅಮ್ಮನಿಗೆ ಏನಾದರೂ ಪ್ರಯೋಜನವಿದೆಯೇ?
– ಓದುಗರು, ಪೆರ್ಲ

ಉತ್ತರ: ಕೊಡಬಹುದು. ಆದರೆ ಆ ಪತ್ರವನ್ನು ಯಾರಾದರೂ ಕನ್ನಡದಲ್ಲಿ ಓದಿ ಹೇಳಿದ ಮೇಲೆ. ಪ್ರಯೋಜನದ ಮಾತನ್ನು ಮೊದಲೇ ಮುಗಿಸಿಬಿಡುತ್ತೇನೆ: ನಿಮ್ಮ ತಾಯಿಗೆ ನೇರವಾಗಿ ಏನೂ ಸಿಗಲಿಕ್ಕಿಲ್ಲ. ಹಣವಿಲ್ಲ, ವಿಶೇಷ ಚಿಕಿತ್ಸೆಯಿಲ್ಲ, ಹೆಚ್ಚಿನ ಕಡೆ ವರದಿಯೂ ಮನೆಗೆ ಬರುವುದಿಲ್ಲ. ಇದನ್ನು ಹೇಳದೆ ತೋಳು ಚಾಚಿಸುವವರನ್ನು ಕಂಡರೆ ನನಗೆ ಆಗುವುದಿಲ್ಲ.

ಮತ್ತೆ ಯಾಕೆ ಕೊಡಬೇಕು? ತಾಯಿಯ ಹಳೆಯ ಫೈಲು ತೆರೆದು ನೋಡಿ. ಅದರಲ್ಲಿ ‘ಆಂಟಿ ಸಿಸಿಪಿ’ ಎಂಬ ರಕ್ತಪರೀಕ್ಷೆಯ ಚೀಟಿ ಬಹುಶಃ ಇರುತ್ತದೆ. ಅದು ಸಂಧಿವಾತದವರ ರಕ್ತದಲ್ಲಿ ಕಾಣುವ ಒಂದು ಪ್ರತಿಕಾಯದ (ಆಂಟಿಬಾಡಿ) ಪರೀಕ್ಷೆ. ಆ ಪ್ರತಿಕಾಯ ಗಂಟು ನೋಯುವ ಮೊದಲೇ ರಕ್ತದಲ್ಲಿ ಸೇರಿರುತ್ತದೆಯೇ ಎಂಬುದು ವೈದ್ಯರ ಪ್ರಶ್ನೆಯಾಗಿತ್ತು. ನೋವಿಲ್ಲದವರು ವೈದ್ಯರ ಹತ್ತಿರ ಬರುವುದೇ ಇಲ್ಲವಲ್ಲ, ಪರೀಕ್ಷಿಸುವುದು ಯಾರನ್ನು? ಉತ್ತರ ಫ್ರೀಜರಿನಲ್ಲಿತ್ತು. ನೆದರ್ಲೆಂಡ್ಸಿನಲ್ಲಿ ಹಿಂದೆ ರಕ್ತದಾನ ಮಾಡಿ, ಆಮೇಲೆ ಸಂಧಿವಾತಕ್ಕೆ ತುತ್ತಾದ 79 ಮಂದಿಯ ಹಳೆಯ ಮಾದರಿಗಳನ್ನು ಹೊರತೆಗೆದು ನೋಡಿದರು. ಸುಮಾರು ಅರ್ಧದಷ್ಟು ಜನರಲ್ಲಿ ಆ ಪ್ರತಿಕಾಯವೋ ರುಮಟಾಯ್ಡ್ ಫ್ಯಾಕ್ಟರ್ ಎಂಬ ಇನ್ನೊಂದು ಪ್ರತಿಕಾಯವೋ ನೋವು ಶುರುವಾಗುವುದಕ್ಕಿಂತ ಮೊದಲೇ ಇತ್ತು, ಕೆಲವರಲ್ಲಿ ಹತ್ತು ವರ್ಷಕ್ಕೂ ಹಿಂದೆ. ಇದು ಪ್ರಕಟವಾದದ್ದು 2004ರಲ್ಲಿ. ಅದರ ಹಿಂದಿನ ವರ್ಷ ಸ್ವೀಡನ್ನಿನ ಉಮಿಯೊ ಊರಿನ ಬಯೋಬ್ಯಾಂಕ್ ಮಾದರಿಗಳಿಂದಲೂ ಇದೇ ಸಂಗತಿ ಹೊರಬಿದ್ದಿತ್ತು. ಕಾಯಿಲೆಯನ್ನು ಬೇಗ ಹಿಡಿದು ಬೇಗ ಮಾತ್ರೆ ಕೊಡಬೇಕು ಎಂದು ಇಂದಿನ ವೈದ್ಯರು ಅವಸರ ಮಾಡುವುದರ ಹಿಂದೆ ಇಂಥ ಹಳೆಯ ರಕ್ತದ ಋಣವೂ ಇದೆ.

ಇದನ್ನು ರಕ್ತನಿಧಿಯೊಂದಿಗೆ ಗೊಂದಲ ಮಾಡಿಕೊಳ್ಳಬೇಡಿ. ಅಲ್ಲಿ ತೆಗೆಯುವುದು 350 ಮಿಲಿಲೀಟರ್. ಅದರ ಕೆಂಪು ಕಣಗಳನ್ನು ಆರು ವಾರದೊಳಗೆ ಇನ್ನೊಬ್ಬರಿಗೆ ಏರಿಸಬೇಕು. ಇಲ್ಲಿ ಬೇಕಾದದ್ದು ಎರಡು ಮೂರು ಟ್ಯೂಬು, ಅಷ್ಟೆ. ಸೆಂಟ್ರಿಫ್ಯೂಜಿನಲ್ಲಿ ಗಿರಗಿರ ತಿರುಗಿಸಿದರೆ ಕೆಂಪೆಲ್ಲ ತಳಕ್ಕಿಳಿದು ಮೇಲೆ ತೆಳು ಹಳದಿ ಸೀರಂ ನಿಲ್ಲುತ್ತದೆ. ಕೈ ಅಲುಗಿಸದೆ ಅದನ್ನು ಹೀರಿ, ಬೆರಳ ತುದಿಯಷ್ಟು ಗಾತ್ರದ ಹಲವು ಕುಪ್ಪಿಗಳಿಗೆ ಹಂಚುತ್ತೇವೆ. ಪದೇ ಪದೇ ಕರಗಿಸಿ ಹೆಪ್ಪುಗಟ್ಟಿಸಿದರೆ ಮಾದರಿ ಕೆಡುತ್ತದೆ, ಅದಕ್ಕೇ ಈ ಹಂಚಿಕೆ. ಪ್ರಯೋಗಾಲಯದಲ್ಲಿ ನನಗೆ ಅತ್ಯಂತ ಇಷ್ಟವಾಗಿದ್ದ ಕೆಲಸ ಇದೇ. ಕುಪ್ಪಿಯ ಮೇಲೆ ಹೆಸರಿರುವುದಿಲ್ಲ, ಬಾರ್‌ಕೋಡ್ ಇರುತ್ತದೆ. ಮೈನಸ್ 80 ಡಿಗ್ರಿಯಲ್ಲಿ ಅದು ವರ್ಷಗಟ್ಟಲೆ ಕೂರುತ್ತದೆ. ಜೊತೆಗೆ ರೋಗದ ವಿವರವೂ ಬೇಕು: ಯಾವಾಗ ಶುರುವಾಯಿತು, ಬೆಳಗ್ಗೆ ಕೈ ಬಿಗಿಯುವುದು ಎಷ್ಟು ಹೊತ್ತು, ಯಾವ ಮಾತ್ರೆ. ಆ ವಿವರವಿಲ್ಲದ ರಕ್ತ, ಒಳಗೇನಿದೆಯೆಂದು ಬರೆದಿಡದ ಭರಣಿ. ಆದ್ದರಿಂದ ಕೇಳಿದ್ದಕ್ಕೆ ತಾಯಿ ತಾಳ್ಮೆಯಿಂದ ಉತ್ತರಿಸಲಿ.

ನಿಮ್ಮ ಮಾವನ ಮಾತು ತೂಕದ್ದು, ಆದರೆ ಪೂರ್ತಿ ಸರಿಯಲ್ಲ. ಅಹಮದಾಬಾದಿನ ರಾಷ್ಟ್ರೀಯ ಔದ್ಯೋಗಿಕ ಆರೋಗ್ಯ ಸಂಸ್ಥೆಯವರು ನಮ್ಮ ಕಾಸರಗೋಡಿನ ಗೇರುತೋಟಗಳ ಬುಡದ ಹಳ್ಳಿಯ 117 ಹುಡುಗರನ್ನೂ ಸಿಂಪಡಣೆಯಿಲ್ಲದ ಊರಿನ 90 ಹುಡುಗರನ್ನೂ ಪರೀಕ್ಷಿಸಿದ್ದರು. ಗೇರುತೋಟದ ಕಡೆಯ ಹುಡುಗರ ರಕ್ತದಲ್ಲಿ ಎಂಡೋಸಲ್ಫಾನ್ ಹೆಚ್ಚಿತ್ತು, ಅವರು ಪ್ರೌಢರಾಗುವುದೂ ತಡವಾಗಿತ್ತು. 2003ರಲ್ಲಿ ಅದು ಅಂತಾರಾಷ್ಟ್ರೀಯ ಪತ್ರಿಕೆಯಲ್ಲಿ ಅಚ್ಚಾಯಿತು. 2011ರಲ್ಲಿ ಸುಪ್ರೀಂ ಕೋರ್ಟು ಆ ವಿಷಕ್ಕೆ ದೇಶದಲ್ಲೆಲ್ಲ ತಡೆ ಹಾಕಿತು. ರಕ್ತ ಕೊಟ್ಟ ಮನೆಗಳಿಗೆ ಬಂದು ಇದನ್ನು ಯಾರೂ ಹೇಳಲಿಲ್ಲವೆಂದರೆ ಮಾವನ ಸಿಟ್ಟು ನ್ಯಾಯವೇ.

ಹಾಗಾಗಿ ಕೇಳಿ ತಿಳಿದುಕೊಳ್ಳಿ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ 2017ರ ಮಾರ್ಗಸೂಚಿಯ ಪ್ರಕಾರ ಒಪ್ಪಿಗೆಯನ್ನು ಕೊಡುವವರಿಗೆ ತಿಳಿಯುವ ಭಾಷೆಯಲ್ಲೇ ಪಡೆಯಬೇಕು. ಕನ್ನಡ ಪ್ರತಿ ಕೊಡಿ ಎನ್ನುವುದು ಹಟವಲ್ಲ, ಹಕ್ಕು. ಸಂಶೋಧನೆಯನ್ನು ಪರಿಶೀಲಿಸುವ ನೈತಿಕ ಸಮಿತಿಯ ಒಪ್ಪಿಗೆ ಇದೆಯೇ, ಮಾದರಿ ಔಷಧ ಕಂಪೆನಿಗೋ ವಿದೇಶಕ್ಕೋ ಹೋಗುತ್ತದೆಯೇ, ಮುಂದೆ ಬೇಡವೆನಿಸಿದರೆ ಹಿಂದೆ ಪಡೆಯುವುದು ಹೇಗೆ ಎಂದು ವಿಚಾರಿಸಿ. ಬಳಸಿ ಮುಗಿದದ್ದು ಮರಳಿ ಬರುವುದಿಲ್ಲ. ಉಳಿದದ್ದನ್ನು ನಾಶಮಾಡಿ ಎನ್ನಬಹುದು. ಒಲ್ಲೆನೆಂದರೂ ತಾಯಿಯ ಚಿಕಿತ್ಸೆಗೆ ಧಕ್ಕೆ ಬರಕೂಡದು. ಪತ್ರದ ಒಂದು ಪ್ರತಿ ಮನೆಗೆ ತನ್ನಿ.

ಪ್ರಶ್ನೆ: ನನಗೆ ಯಾವ ಕಾಯಿಲೆಯೂ ಇಲ್ಲ. ನಾನೂ ಬಯೋಬ್ಯಾಂಕಿಗೆ ರಕ್ತ ಕೊಡಬಹುದೇ?
– ಓದುಗರು, ಸೀತಾಂಗೋಳಿ

ಉತ್ತರ: ಮೇಲಿನ ಉತ್ತರ ಓದಿ, ನೆದರ್ಲೆಂಡ್ಸಿನ ಆ 79 ಮಂದಿಯೂ ರಕ್ತ ಕೊಟ್ಟಾಗ ಆರೋಗ್ಯವಾಗಿಯೇ ಇದ್ದರು. ನಿಮ್ಮಂಥವರು ಖಂಡಿತ ಬೇಕು. ಆದರೆ ರಕ್ತನಿಧಿಯಂತೆ ನೇರ ಹೋಗಿ ಕೊಡುವ ಕ್ರಮ ಸಾಮಾನ್ಯವಾಗಿ ಇಲ್ಲ. ಅಧ್ಯಯನ ನಡೆಸುವವರೇ ಕೇಳಿಕೊಂಡು ಬರುತ್ತಾರೆ. ಬಂದಾಗ ಅವರನ್ನೂ ಇದೇ ಪ್ರಶ್ನೆಗಳನ್ನು ಕೇಳಿ. ಅಲ್ಲಿಯವರೆಗೆ ರಕ್ತನಿಧಿಗೆ ಕೊಡಿ, ಅಲ್ಲಿ ಯಾವಾಗಲೂ ಕೊರತೆಯೇ.