ಸಹಿ ಹಾಕುವಾಗ ಕೈ ನಡುಗುತ್ತದೆ

ಪ್ರಶ್ನೆ: ಮಂಗಳೂರಿನ ಒಂದು ಕಂಟ್ರಾಕ್ಟ್ ಕಂಪನಿಯಲ್ಲಿ ಅಕೌಂಟೆಂಟ್ ಆಗಿದ್ದೇನೆ. ಎರಡು ವರ್ಷದಿಂದ ಸುಳ್ಳು ಬಿಲ್ಲುಗಳಿಗೆ ಸಹಿ ಹಾಕುತ್ತಿದ್ದೇನೆ. ಸಭೆಯ ಬೈಬಲ್ ಅಧ್ಯಯನಕ್ಕೆ ಹೋಗಲು ಶುರುಮಾಡಿದ ಮೇಲೆ ಸಹಿ ಹಾಕುವಾಗ ಕೈ ನಡುಗುತ್ತದೆ. 'ನೀನೊಬ್ಬನೇ ಹರಿಶ್ಚಂದ್ರ ಆಗ್ಬೇಕಾ?' ಅಂತ ಅಮ್ಮ ಬೈಯುತ್ತಾರೆ. ಮನೆ ಸಾಲ ಇದೆ. ಹೆಂಡತಿ ಗರ್ಭಿಣಿ, ಅವಳಿಗೆ ಏನೂ ಹೇಳಿಲ್ಲ. ಯೇಸುವಿನ ಶಿಷ್ಯನಾಗಬೇಕಾದರೆ ಈ ಕೆಲಸ ಬಿಡಲೇಬೇಕಾ?

ಉತ್ತರ: ಕೈ ನಡುಗುತ್ತಿದೆಯಲ್ಲ, ಅದಕ್ಕೆ ನನಗೆ ಸಮಾಧಾನ. ಎಷ್ಟೋ ಜನರಿಗೆ ನಡುಗುವುದೇ ಇಲ್ಲ.

ಲೂಕನ ಸುವಾರ್ತೆಯಲ್ಲಿ ಇಬ್ಬರು ಸುಂಕದವರು ಬರುತ್ತಾರೆ. ಲೇವಿ ಎಲ್ಲವನ್ನೂ ಬಿಟ್ಟು ಎದ್ದು ಯೇಸುವಿನ ಹಿಂದೆ ಹೋದ. ಜಕ್ಕಾಯ ಕೆಲಸ ಬಿಟ್ಟ ಎಂದು ಲೂಕ ಬರೆದಿಲ್ಲ. ಆದರೆ ಅವನು ಮೋಸದಿಂದ ತೆಗೆದುಕೊಂಡದ್ದಕ್ಕೆ ನಾಲ್ಕರಷ್ಟು ವಾಪಸ್ ಕೊಡುತ್ತೇನೆ ಅಂದ. ಹಾಗಾಗಿ ಕೆಲಸ ಬಿಡುವ ಮಾತು ಆಮೇಲೆ. ಸುಳ್ಳು ಸಹಿ ಮಾತ್ರ ಮುಂದಿನ ಬಿಲ್ಲಿನಿಂದಲೇ ನಿಲ್ಲಬೇಕು. ಇದರಿಂದ ಕೆಲಸವೇ ಹೋಗಬಹುದು, ಅದನ್ನು ನಿಮ್ಮಿಂದ ಮುಚ್ಚಿಡಲಾರೆ.

ಗೋಪುರ ಕಟ್ಟುವವನು ಮೊದಲು ಕೂತು ಖರ್ಚಿನ ಲೆಕ್ಕ ಹಾಕುವುದಿಲ್ಲವೇ ಎಂದು ಕೇಳಿದ್ದು ಯೇಸುವೇ. ನೀವು ಲೆಕ್ಕ ಬಲ್ಲವರು. ಆದರೆ ಒಬ್ಬರೇ ಕೂತು ಲೆಕ್ಕ ಹಾಕುತ್ತಿದ್ದೀರಿ, ನನಗೆ ಬೇಸರ ತಂದದ್ದು ಅದು. ಕೆಲಸ ಹೋದರೆ ಅದರ ಬೆಲೆಯನ್ನು ನಿಮ್ಮ ಹೆಂಡತಿಯೂ ತೆರಬೇಕು ಅಲ್ವಾ? ಹಾಗಿದ್ದ ಮೇಲೆ ಅವರಿಗೆ ಮೊದಲೇ ಗೊತ್ತಿರಬೇಕು.

ನಿಮ್ಮ ಊರಿನದೇ ಕಥೆ ನೆನಪಿಸಿಕೊಳ್ಳಿ. 1834ರಲ್ಲಿ ಬಾಸೆಲ್ ಮಿಷನ್ ಎಂಬ ಸ್ವಿಟ್ಜರ್ಲೆಂಡಿನ ಕ್ರೈಸ್ತ ಸಂಸ್ಥೆ ಮಂಗಳೂರಿಗೆ ಬಂದ ಮೇಲೆ ಕ್ರೈಸ್ತರಾದವರಲ್ಲಿ ಅನೇಕರು ಮನೆ, ಕುಲಕಸುಬು ಎರಡನ್ನೂ ಕಳೆದುಕೊಂಡರು. ಅಂಥವರಿಗೆ ಕೆಲಸ ಕೊಡಲೆಂದೇ ಮಿಷನ್ ನೇಯ್ಗೆ ಶುರುಮಾಡಿತು, 1865ರಲ್ಲಿ ಹೆಂಚಿನ ಕಾರ್ಖಾನೆ ತೆರೆಯಿತು. ಅವರನ್ನು ಸುಮ್ನೆ 'ಪ್ರಾರ್ಥನೆ ಮಾಡಿ' ಎಂದು ಕಳಿಸಿಬಿಡಲಿಲ್ಲ. ನಿಮ್ಮ ಸಭೆಯನ್ನೂ ಹಾಗೇ ಕೇಳಿ. ಸಭಾಪಾಲಕರ ಹತ್ತಿರ ಹೋಗಿ, 'ಕೆಲಸ ಹೋದರೆ ನನಗೆ ಬೇರೆ ಕೆಲಸ ಹುಡುಕಿಕೊಡಲು ಯಾರಿದ್ದಾರೆ?' ಎಂದು ನೇರವಾಗಿ ಕೇಳಿ. ನಾಚಿಕೆ ಬೇಡ.

ಹಳೆಯ ಸಹಿಗಳ ವಿಷಯಕ್ಕೆ ಒಬ್ಬ ವಕೀಲರನ್ನು ನೋಡಿ. ಅದಕ್ಕೂ ಮೊದಲು, ಇವತ್ತು ಊಟ ಆದ ಮೇಲೆ ಟಿವಿ ಆರಿಸಿ, ಸಾಲದ ಕಂತಿನ ಕಾಗದ ಮುಂದಿಟ್ಟುಕೊಂಡು ಹೆಂಡತಿಗೆ ಎಲ್ಲವನ್ನೂ ಹೇಳಿ. ಅವರು ಅಳಬಹುದು, ಸಿಟ್ಟಾಗಬಹುದು. ಎದ್ದು ಹೋಗಬೇಡಿ, ಪಕ್ಕದಲ್ಲೇ ಕೂತಿರಿ.