ಇಂಗ್ಲೆಂಡಿನಲ್ಲಿ ಹಳೆಯ ಸ್ಪೋರ್ಟ್ಸ್ ಕಾರು ಇಟ್ಟುಕೊಂಡರೆ ವರ್ಷಕ್ಕೆ ಸರ್ವಿಸ್ ಖರ್ಚು ಎಷ್ಟಾಗಬಹುದು?

ನಾಲ್ಕು ಸಾವಿರ ಪೌಂಡ್ ಇದೆ, ಮಜ್ದಾ ಎಂಎಕ್ಸ್-5 ತಗೊಳ್ಳಲಾ, ಹಳೆಯ ಪೋರ್ಷೆ ಬಾಕ್ಸ್‌ಸ್ಟರ್ ತಗೊಳ್ಳಲಾ, ಊರಿಗೆ ವಾಪಸ್ ಹೋಗುವಾಗ ಹಡಗಿನಲ್ಲಿ ಕಳಿಸಬಹುದಾ ಅಂತ ಕೇಳಿದ್ದೀರಿ. 2012ರಲ್ಲಿ ಕವೆಂಟ್ರಿಯ ಬಾಡಿಗೆ ಮನೆಯಲ್ಲಿ ಕೂತು ನಾನೂ ಇದೇ ಲೆಕ್ಕ ಹಾಕುತ್ತಿದ್ದೆ. ಎಕ್ಸೆಲ್ ಶೀಟ್ ಕೂಡ ಮಾಡಿದ್ದೆ. ಆಯಿಲ್, ಟೈರು, ಇನ್ಶೂರೆನ್ಸ್, ಟೈಮಿಂಗ್ ಬೆಲ್ಟ್, ಎಲ್ಲಕ್ಕೂ ಒಂದೊಂದು ಕಾಲಂ. ಕೊನೆಗೆ ನನ್ನ ಜೇಬು ಖಾಲಿ ಮಾಡಿದ್ದು ಮರದ ಎಲೆ. ಅದಕ್ಕೆ ಕಾಲಂ ಇರಲಿಲ್ಲ.

ತಗೊಂಡದ್ದು 1996ರ ಕೆಂಪು ಎಂಎಕ್ಸ್-5, ಮೊದಲ ಮಾಡೆಲ್. ಗುಂಡಿ ಒತ್ತಿದರೆ ಹೆಡ್‌ಲೈಟು ಕಪ್ಪೆ ಕಣ್ಣಿನ ಹಾಗೆ ಮೇಲೆ ಬರುತ್ತದಲ್ಲ, ಅದು. 1,300 ಪೌಂಡ್ ಕೊಟ್ಟೆ. ಈ ಕಾರನ್ನು ಮೊದಲು ತೋರಿಸಿದ್ದು 1989ರ ಫೆಬ್ರವರಿಯಲ್ಲಿ, ಶಿಕಾಗೋ ಆಟೋ ಶೋನಲ್ಲಿ. ಆಮೇಲೆ ಹತ್ತು ಲಕ್ಷಕ್ಕೂ ಜಾಸ್ತಿ ತಯಾರಾದವು. ಹಾಗಾಗಿ ಬಿಡಿಭಾಗಕ್ಕೆ ಬರ ಇಲ್ಲ. ತೂಕ ಸುಮಾರು ಒಂದು ಟನ್, ಟೈರು ಸಣ್ಣದು, ಎಂಜಿನ್ ಸರಳ. 60,000 ಮೈಲಿಗೊಮ್ಮೆ ಟೈಮಿಂಗ್ ಬೆಲ್ಟ್ ಬದಲಾಯಿಸಿ, ಆಯಿಲ್ ಹಾಕುತ್ತಿದ್ದರೆ ಅದರ ಪಾಡಿಗೆ ಓಡುತ್ತದೆ. ನಿಮ್ಮ ಪ್ರಶ್ನೆಗೆ ನೇರ ಉತ್ತರ ಬೇಕಿದ್ದರೆ ಇಷ್ಟೇ: ಸರ್ವಿಸ್ ಖರ್ಚು ಮಾಮೂಲಿ ಸಣ್ಣ ಕಾರಿನಷ್ಟೇ. ಆದರೆ ನೀವು ಕೇಳಬೇಕಾದ ಪ್ರಶ್ನೆಯೇ ಅದಲ್ಲ. ರಾತ್ರಿ ಕಾರು ಎಲ್ಲಿ ನಿಲ್ಲುತ್ತದೆ? ಅದನ್ನು ಮೊದಲು ಹೇಳಿ.

ನನ್ನದು ನಿಲ್ಲುತ್ತಿದ್ದದ್ದು ರಸ್ತೆ ಬದಿಯಲ್ಲಿ, ದೊಡ್ಡ ಸಿಕಮೋರ್ ಮರದ ಕೆಳಗೆ. ಬೇಸಿಗೆಯಲ್ಲಿ ನೆರಳು ಅಂತ ನಾನೇ ಹುಡುಕಿ ಹಿಡಿದ ಜಾಗ!

ಮೊದಲ ವರ್ಷ ಸ್ವರ್ಗ. ಬಕ್ಸ್ಟನ್‌ನಿಂದ ಮ್ಯಾಕಲ್ಸ್‌ಫೀಲ್ಡ್‌ಗೆ ಬೆಟ್ಟದ ಮೇಲೆ ಒಂದು ರಸ್ತೆ ಇದೆ, ಎ537. ಕ್ಯಾಟ್ ಅಂಡ್ ಫಿಡಲ್ ಅಂತಾರೆ. ಟಾಪ್, ಅಂದರೆ ಮೇಲಿನ ಮೆದು ಛಾವಣಿ, ಮಡಚಿ, ಹೀಟರ್ ಹಾಕಿ, ಮಂಜಿನಲ್ಲಿ ಆ ತಿರುವುಗಳನ್ನು ಇಳಿಯುವಾಗ ಆಗುಂಬೆ ಘಾಟಿ ನೆನಪಾಗುತ್ತಿತ್ತು. ನಾನು ತೀರ್ಥಹಳ್ಳಿ ಕಡೆಯವನು. ಆ 14 ತಿರುವಿನಲ್ಲಿ ಬಸ್ಸಿನ ಕಿಟಕಿಗೆ ಹಣೆ ಒತ್ತಿಕೊಂಡು ಬೆಳೆದವನು. ಗೇರ್ ಲಿವರ್ ಇಷ್ಟೇ ಇಷ್ಟು ಆಡುತ್ತದೆ, ಮಣಿಕಟ್ಟು ಅಲ್ಲಾಡಿಸಿದರೆ ಸಾಕು, ಟಕ್ ಅಂತ ಬೀಳುತ್ತದೆ. ವೇಗ ಅಂತೇನೂ ಇಲ್ಲ. ಪಕ್ಕದಲ್ಲಿ ಡೀಸೆಲ್ ವ್ಯಾನು ಮುಂದೆ ಹೋಗುತ್ತದೆ. ಹೋಗಲಿ ಬಿಡಿ.

ಎರಡನೇ ಚಳಿಗಾಲದಲ್ಲಿ ಒಳಗೆ ಒಂದು ವಾಸನೆ ಶುರುವಾಯಿತು. ಮಳೆಗಾಲದಲ್ಲಿ ಒಣಗದ ಕಂಬಳಿಯ ವಾಸನೆ. ಸೀಟಿನ ಹಿಂದೆ ಕೈ ಹಾಕಿದೆ, ಕಾರ್ಪೆಟ್ ಪಿಚಪಿಚ ಅಂತು. ಟಾಪ್ ಸೋರುತ್ತಿದೆ ಅಂತ ತೀರ್ಮಾನ ಮಾಡಿದೆ. ಇದೇ ನಾನು ಮಾಡಿದ ತಪ್ಪು. ಸ್ವಲ್ಪ ಬಿಡಿಸಿ ಹೇಳುತ್ತೇನೆ, ಬೇಸರ ಮಾಡಿಕೊಳ್ಳಬೇಡಿ.

ಟಾಪ್ ಮೇಲೆ ಬಿದ್ದ ಮಳೆನೀರು ಹಿಂದಕ್ಕೆ ಇಳಿದು, ಸೀಟುಗಳ ಹಿಂದೆ ಅಡ್ಡಕ್ಕೆ ಇರುವ ಒಂದು ಕಾಲುವೆಗೆ ಬೀಳುತ್ತದೆ. ಆ ಕಾಲುವೆಯ ಎರಡು ತುದಿಯಲ್ಲಿ, ಸೀಟ್‌ಬೆಲ್ಟ್ ಕಂಬದ ಬುಡದಲ್ಲಿ, ಒಂದೊಂದು ತೂತು. ಅಲ್ಲಿಂದ ಒಂದು ಕೊಳವೆ ಕೆಳಗಿಳಿದು, ಹಿಂದಿನ ಚಕ್ರದ ಸ್ವಲ್ಪ ಮುಂದೆ ನೀರನ್ನು ರಸ್ತೆಗೆ ಬಿಡುತ್ತದೆ. ಟಾಪ್ ನೀರನ್ನು ಪೂರ್ತಿ ತಡೆಯುವುದಲ್ಲ, ದಾರಿ ತೋರಿಸುವುದು. ಆ ತೂತು ಕಟ್ಟಿತು ಅಂದರೆ ನೀರು ಉಕ್ಕಿ ಕಾರ್ಪೆಟ್ಟಿಗೆ ಬರುತ್ತದೆ, ಅಲ್ಲಿಂದ ಸಿಲ್ ಒಳಗೆ ಇಳಿಯುತ್ತದೆ. ಸಿಲ್ ಅಂದರೆ ಬಾಗಿಲ ಕೆಳಗಿನ ಹೊಸ್ತಿಲು. ನೋಡಲು ಒಂದೇ ತಗಡು, ನಿಜಕ್ಕೂ ಅದು ಎರಡು ಮೂರು ಪದರದ ಉಕ್ಕಿನ ಪೆಟ್ಟಿಗೆ. ತಲೆ ಮೇಲೆ ಗಟ್ಟಿ ಛಾವಣಿ ಇಲ್ಲದ ಕಾರಿಗೆ ಅದೇ ಬೆನ್ನೆಲುಬು. ಅದರೊಳಗೆ ಎಲೆಯ ಗೊಸರು, ನೀರು, ತಿಂಗಳುಗಟ್ಟಲೆ. ಹೊರಗಿನಿಂದ ಚಳಿಗಾಲದಲ್ಲಿ ರಸ್ತೆಗೆ ಚೆಲ್ಲುವ ಉಪ್ಪು. ಉಪ್ಪಿನಕಾಯಿ ಹಾಕಿದ ಹಾಗೆ.

ನಾನೇನು ಮಾಡಿದೆ? ಟಾಪ್‌ಗೆ ನೀರು ತಡೆಯುವ ಸ್ಪ್ರೇ ಹೊಡೆದೆ. ಮತ್ತೆ ಒದ್ದೆಯಾಯಿತು, ಮತ್ತೆ ಹೊಡೆದೆ. ಕಾರ್ಪೆಟ್ಟಿಗೆ ಹೆಂಡತಿಯ ಹೇರ್ ಡ್ರೈಯರ್ ಹಿಡಿದೆ. ಹಳೆಯ ಟವಲ್ ತುರುಕಿದೆ. ಭಾನುವಾರ ಭಾನುವಾರ ಬಾನೆಟ್ಟಿಗೆ ಎರಡು ಗಂಟೆ ಪಾಲಿಶ್. ಬಲಗಡೆ ಹಿಂದಿನ ಚಕ್ರದ ಮುಂದೆ ಕಡಲೆಕಾಳಿನಷ್ಟು ದೊಡ್ಡ ಗುಳ್ಳೆ ಎದ್ದಿತು. ಅದಕ್ಕೆ ಕೆಂಪು ಪೇಂಟಿನ ಬೊಟ್ಟು ಇಟ್ಟೆ. ಆ ವರ್ಷದ ಎಂಓಟಿಯ, ಅಂದರೆ ಕಾರು ರಸ್ತೆಗಿಳಿಯಲು ಯೋಗ್ಯವೇ ಅಂತ ಇಲ್ಲಿ ವರ್ಷಕ್ಕೊಮ್ಮೆ ಮಾಡುವ ಪರೀಕ್ಷೆಯ, ಕಾಗದದಲ್ಲಿ ‘ಸಿಲ್‌ನಲ್ಲಿ ಸ್ವಲ್ಪ ತುಕ್ಕು’ ಅಂತ ಎಚ್ಚರಿಕೆ ಬರೆದಿದ್ದರು. ಪಾಸ್ ಆಯಿತಲ್ಲ ಅಂತ ಮಡಚಿ ಡ್ರಾಯರ್‌ನಲ್ಲಿಟ್ಟೆ.

2015ರಲ್ಲಿ ಫೇಲ್. ಟೆಸ್ಟ್ ಮಾಡಿದವರು ನನ್ನನ್ನು ಕರೆದು ಕೆಳಗಿನಿಂದ ತೋರಿಸಿದರು. ಕೈಯಲ್ಲಿದ್ದ ಸಣ್ಣ ಉಪಕರಣದಿಂದ ಆ ಗುಳ್ಳೆಯ ಪಕ್ಕ ಮೆಲ್ಲಗೆ ಒತ್ತಿದರು. ಹಪ್ಪಳ ಮುರಿದ ಸದ್ದು. ತೂತಿನಿಂದ ಮೊದಲು ತುಕ್ಕಿನ ಚಕ್ಕೆ, ಆಮೇಲೆ ಚಹಾ ಬಣ್ಣದ ನೀರು, ಅದರ ಜೊತೆ ಸಿಕಮೋರ್ ಮರದ ಒಂದು ರೆಕ್ಕೆ ಬೀಜ ಇಳಿದು ಬಂತು. ಅವರು ಏನೂ ಹೇಳಲಿಲ್ಲ. ಸೀಟ್‌ಬೆಲ್ಟ್ ಅಥವಾ ಸಸ್ಪೆನ್ಷನ್ ಕೂರುವ ಜಾಗದಿಂದ 30 ಸೆಂಟಿಮೀಟರ್ ಒಳಗೆ ತುಕ್ಕು ಉಕ್ಕನ್ನು ತಿಂದು ದುರ್ಬಲ ಮಾಡಿದ್ದರೆ ಇಲ್ಲಿ ಪಾಸ್ ಮಾಡುವುದಿಲ್ಲ. ನನ್ನದು ಬೆಲ್ಟಿನ ಬುಡದಲ್ಲೇ ಇತ್ತು. ಎರಡೂ ಕಡೆ ಕತ್ತರಿಸಿ, ಒಳಪದರವನ್ನೂ ಹೊಸದಾಗಿ ಬೆಸೆದು, ಪೇಂಟ್ ಮಾಡಿಸಿ 1,150 ಪೌಂಡ್. ಕಾರಿಗೆ ಕೊಟ್ಟದ್ದು ಎಷ್ಟು ಅಂತ ಮೇಲೆ ಹೇಳಿದ್ದೇನೆ.

ಆ ರಾತ್ರಿ ಊರಿಗೆ ಫೋನ್ ಮಾಡಿದಾಗ ಅಪ್ಪಯ್ಯನಿಗೆ ಹೇಳಿಬಿಟ್ಟೆ. ನಮ್ಮದು ಹೆಂಚಿನ ಮನೆ. ಮಳೆ ಹಿಡಿಯುವ ಮೊದಲು, ಮೇ ಕೊನೆಗೆ, ಅಪ್ಪಯ್ಯ ಏಣಿ ಇಟ್ಟು ಸೂರಿನ ದಂಬೆಯಲ್ಲಿ ತುಂಬಿದ ತರಗೆಲೆ ಬಾಚುತ್ತಿದ್ದರು. ಏಣಿ ಹಿಡಿದುಕೊಳ್ಳುವ ಕೆಲಸ ನನ್ನದು. ಪೂರ್ತಿ ಕೇಳಿಸಿಕೊಂಡು ಅವರು ಅಂದರು: “ದಂಬೆ ಕಟ್ಟಿದ್ರೆ ನೀರು ಗೋಡೆಗೆ ಇಳಿಯದೆ ಇನ್ನೆಲ್ಲಿಗೆ ಹೋಗ್ತದೆ ಮಾರಾಯ? ಏಣಿ ಹಿಡ್ಕೊಂಡು ಮೇಲೆ ನೋಡ್ತಿದ್ಯೋ, ರಸ್ತೆ ನೋಡ್ತಿದ್ಯೋ?”

ರಸ್ತೆ ನೋಡುತ್ತಿದ್ದೆ. ಬಸ್ಸು ಬರುವ ಹೊತ್ತು ಅದು.

ಆ ತೂತು ಬಿಡಿಸಲು ಬೇಕಿದ್ದದ್ದು ಹುಲ್ಲು ಕತ್ತರಿಸುವ ಯಂತ್ರದ ದಪ್ಪ ನೈಲಾನ್ ದಾರ, ಒಂದು ಮಾರು. ಮೇಲಿನಿಂದ ಮೆಲ್ಲಗೆ ತೂರಿಸಿ ಆಡಿಸಿದರೆ ಕಸ ಕೆಳಗೆ ಉದುರುತ್ತದೆ. ಗಟ್ಟಿ ತಂತಿ ಹಾಕಬೇಡಿ, ಕೊಳವೆ ಸೀಳಿಹೋಗುತ್ತದೆ. ಜೋರು ಗಾಳಿಯನ್ನೂ ಹೊಡೆಯಬೇಡಿ, ಕೊಳವೆ ಕಳಚಿ ಬಂದರೆ ನೀರು ಮತ್ತೆ ಒಳಗೇ. ನಾನು ಈಗ ವರ್ಷಕ್ಕೆ ನಾಲ್ಕು ಸಲ ಮಾಡುತ್ತೇನೆ. ಹತ್ತು ನಿಮಿಷದ ಕೆಲಸ.

ಬಾಕ್ಸ್‌ಸ್ಟರ್ ವಿಷಯ. ನಾಲ್ಕು ಸಾವಿರ ಪೌಂಡ್ ಅಷ್ಟೇ ಇದ್ದರೆ ಬೇಡ. ಕೊಳ್ಳುವಾಗ ಅದು ನಾಲ್ಕು ಸಾವಿರದ ಕಾರು, ರಿಪೇರಿಗೆ ನಿಂತಾಗ ಹೊಸದಾಗಿದ್ದಾಗಿನ ಬೆಲೆಯ ಕಾರೇ. ಅದರ ರೇಡಿಯೇಟರ್‌ಗಳು ಮುಂದಿನ ಬಂಪರಿನ ಎರಡು ಮೂಲೆಯಲ್ಲಿವೆ, ಎಲೆ ಅಲ್ಲಿ ಕೂಡ ಹೋಗಿ ಕೂರುತ್ತದೆ. ಎಲೆ ಯಾರನ್ನೂ ಬಿಡುವುದಿಲ್ಲ. ಓಡಿಸಲು ಚೆನ್ನಾಗಿದೆ, ಇಲ್ಲ ಅನ್ನುವುದಿಲ್ಲ. ಎಂಟು ಸಾವಿರ ಇಟ್ಟುಕೊಂಡು ನಾಲ್ಕು ಸಾವಿರದ್ದು ಕೊಳ್ಳುವುದಾದರೆ ಕೊಳ್ಳಿ.

ಹಡಗಿನ ಆಸೆ ಇವತ್ತೇ ಬಿಡಿ. ಮೂರು ವರ್ಷ ದಾಟಿದ ಮಾಮೂಲಿ ಸೆಕೆಂಡ್‌ಹ್ಯಾಂಡ್ ಕಾರನ್ನು ಭಾರತದ ನಿಯಮ ಒಳಗೇ ಬಿಡುವುದಿಲ್ಲ.

ನನ್ನ ಕಾರು ಇನ್ನೂ ಇದೆ. ಲೆಕ್ಕ ಬರುವವರು ಅವತ್ತೇ ಮಾರಿ, ಒಳ್ಳೆಯದೊಂದು ಕೊಳ್ಳುತ್ತಿದ್ದರು. ನನಗೆ ಹಟ. ಮನೆ ಬದಲಾಯಿಸಿದಾಗ ಗ್ಯಾರೇಜ್ ಇರುವ ಮನೆಯೇ ಬೇಕು ಅಂತ ಕೂತೆ. ಹೆಂಡತಿಗೆ ದೊಡ್ಡ ಅಡುಗೆಮನೆ ಬೇಕಿತ್ತು. ಅದನ್ನು ಇನ್ನೂ ನೆನಪಿಸುತ್ತಿರುತ್ತಾಳೆ.

ನೀವು ಕಾರು ನೋಡಲು ಹೋಗುವ ಮೊದಲು ನಂಬರ್ ಹಾಕಿ ಸರ್ಕಾರದ ಸೈಟಿನಲ್ಲಿ ಹಳೆಯ ಎಂಓಟಿ ಎಲ್ಲ ಓದಿ, ಪುಕ್ಕಟೆ ಸಿಗುತ್ತದೆ. ಪಾಸ್-ಫೇಲ್ ಬಿಡಿ, ಎಚ್ಚರಿಕೆಯ ಸಾಲು ಓದಿ. ಕೆಳಗೆಲ್ಲ ಹೊಸದಾಗಿ ಕಪ್ಪು ಬಳಿದಿದ್ದರೆ ಏನೋ ಮುಚ್ಚಿದ್ದಾರೆ ಅಂತ ನಾನಾದರೆ ಅನುಮಾನ ಪಡುತ್ತೇನೆ. ಒಂದು ಟಾರ್ಚು, ಅರ್ಧ ಲೀಟರ್ ನೀರಿನ ಬಾಟಲಿ ಜೊತೆಗಿರಲಿ. ಮಾರುವವರನ್ನು ಕೇಳಿ, ಸೀಟಿನ ಹಿಂದಿನ ತೂತಿಗೆ ಮೆಲ್ಲಗೆ ನೀರು ಸುರಿದು, ಬಗ್ಗಿ ಹಿಂದಿನ ಚಕ್ರದ ಮುಂದೆ ನೋಡಿ. ಎರಡೂ ಕಡೆ ನೀರು ಬಂತಾ? ಈಗ ಬೆಲೆ ಮಾತಾಡಿ.